ತೊಗರಿ ಹೊಲಕ್ಕೆ ಎಕರೆಗೆ ಎರಡು ಸಾವಿರ: ಕೊಡಬೇಕೇ, ಕೊಟ್ಟರೆ ಹೇಗೆ?

ಪ್ರಶ್ನೆ: ಶರಣು ಸರ್. ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿ. ಮುನ್ನೂರರಷ್ಟು ಸದಸ್ಯರಿದ್ದೇವೆ. ಎಲ್ಲರದೂ ತೊಗರಿ, ನೀರಿದ್ದವರು ಒಂದಿಷ್ಟು ಕಬ್ಬು ಹಾಕುತ್ತಾರೆ. ಲಾಭದಲ್ಲಿ 6 ಲಕ್ಷ ರೂಪಾಯಿ ಪಕ್ಕಕ್ಕಿಟ್ಟಿದ್ದೇವೆ. ತಿಪ್ಪೆಗೊಬ್ಬರ ಹಾಕುವವರಿಗೆ, ಎಣ್ಣೆ (ಕೀಟನಾಶಕ) ಹೊಡೆಯುವುದನ್ನು ಕಡಿಮೆ ಮಾಡುವವರಿಗೆ, ತೊಗರಿಯಲ್ಲಿ ಹೆಸರು ಉದ್ದಿನ ಸಾಲು ಹಾಕುವವರಿಗೆ, ಕಬ್ಬಿನ ರವದಿ (ಒಣಗಿದ ಗರಿ) ಸುಡದವರಿಗೆ, ಬದುವಿನಲ್ಲಿ ಗಿಡ ಬೆಳೆಸುವವರಿಗೆ ಎಕರೆಗೆ 2,000 ರೂಪಾಯಿ ಕೊಡಬೇಕು ಎಂಬುದು ನಮ್ಮ ವಿಚಾರ. ಸಭೆಯಲ್ಲಿ ಹಿರಿಯ ಕಾಕಾ ಒಬ್ಬರು ಎದ್ದು, ‘ದುಡ್ಡು ಕೊಟ್ಟು ಮಾಡಿಸಿದ್ದು ದುಡ್ಡು ಮುಗಿಯುವವರೆಗೆ ಮಾತ್ರ’ ಎಂದುಬಿಟ್ಟರು. ಅರ್ಧ ಸಭೆ ಅವರ ಕಡೆ ವಾಲಿತು. ಇದರ ನಡುವೆ ಕಾರ್ಬನ್ ಕ್ರೆಡಿಟ್ ಕೊಡಿಸುತ್ತೇವೆ ಎಂದು ಏಜೆಂಟರೊಬ್ಬರು ಎರಡು ಸಲ ಬಂದು ಹೋಗಿದ್ದಾರೆ. ನಾವು ಏನು ಮಾಡಬೇಕು?

ಉತ್ತರ: ಕಾಕಾ ಹೇಳಿದ್ದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲಿಯೇ ನಿಮ್ಮ 6 ಲಕ್ಷದ ಬದುಕು ಇರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಕೃಷಿ ವಿಸ್ತರಣೆಯ ಕೆಲಸದಲ್ಲಿದ್ದಾಗ ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಗೆ ಎರೆಗೊಬ್ಬರದ ತೊಟ್ಟಿಗಳನ್ನು ನೋಡಲು ಹೋಗಿದ್ದೆ. ಸಹಾಯಧನದಲ್ಲಿ ಕಟ್ಟಿದ ತೊಟ್ಟಿಗಳು. ಸಿಮೆಂಟು ಚೆನ್ನಾಗಿತ್ತು, ಗೋಡೆಯ ಮೇಲೆ ಯೋಜನೆಯ ಹೆಸರು, ವರ್ಷ, ಮೊತ್ತ ಎಲ್ಲವನ್ನೂ ನೀಲಿ ಬಣ್ಣದಲ್ಲಿ ಬರೆದಿತ್ತು. ಮೊದಲನೆಯ ತೊಟ್ಟಿಯೊಳಗೆ ಎರಡು ಆಡಿನ ಮರಿ ಮಲಗಿದ್ದವು. ಮೇಲೆ ತೊಗರಿ ಕಟ್ಟಿಗೆ ಹಾಸಿ ನೆರಳು ಮಾಡಿದ್ದರು. ‘ಹುಳು ಎಲ್ಲಿ?’ ಎಂದೆ. ಮನೆಯ ಯಜಮಾನರು ಯಾವ ಮುಜುಗರವೂ ಇಲ್ಲದೆ, ‘ತೊಟ್ಟಿ ಕಟ್ಟಲು ದುಡ್ಡು ಕೊಟ್ಟರು, ಕಟ್ಟಿದೆವು. ದಿನಾ ಸಗಣಿ ಹೊರುವುದಕ್ಕೆ, ಬೇಸಗೆಯಲ್ಲಿ ನೀರು ಚಿಮುಕಿಸುವುದಕ್ಕೆ ಯಾರು ಏನು ಕೊಟ್ಟರು ಸಾಹೇಬರೇ?’ ಎಂದರು. ಅವರದು ಮೋಸ ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ತೊಟ್ಟಿಗೆ ಹಣ ಬಂತು, ತೊಟ್ಟಿ ಬಂತು. ಗೊಬ್ಬರಕ್ಕೆ ಹಣ ಬಂದಿರಲಿಲ್ಲ.

ನಿಮ್ಮ ಸಭೆಯಲ್ಲಿ ಎಕರೆಗೆ ಎಷ್ಟು ಎಂದು ಲೆಕ್ಕ ಹಾಕುವ ಮೊದಲು ಇನ್ನೊಂದನ್ನು ಕೇಳಬೇಕು. ಈ ರೈತ ಇವತ್ತು ಒಳ್ಳೆಯ ಪದ್ಧತಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದಿರುವುದು ಯಾಕೆ? ಅವನಿಗೆ ಗೊತ್ತಿಲ್ಲವೆಂದೇ? ನಮ್ಮ ಕಡೆಯ ರೈತರಿಗೆ ತಿಪ್ಪೆಗೊಬ್ಬರದ ಗುಣ ಹೇಳಿಕೊಡುವಷ್ಟು ಜಾಣರು ಯಾವ ಕಚೇರಿಯಲ್ಲಿಯೂ ಇಲ್ಲ. ಗೊತ್ತಿದ್ದೂ ಬಿಟ್ಟಿದ್ದಾನೆ ಎಂದರೆ ಅದಕ್ಕೆ ಹಣದ ಲೆಕ್ಕ ಇದೆ, ಕೂಲಿಯ ಲೆಕ್ಕ ಇದೆ, ಮುಖ್ಯವಾಗಿ ತಿಂಗಳಿನ ಲೆಕ್ಕ ಇದೆ.

ಒಂದು ಯೂರಿಯಾ ಚೀಲವನ್ನೇ ತೆಗೆದುಕೊಳ್ಳಿ. 45 ಕಿಲೋ, ಬೆಲೆ 266 ರೂಪಾಯಿ 50 ಪೈಸೆ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅಂದರೆ ಚೀಲಕ್ಕೆ ಹತ್ತಿರ ಹತ್ತಿರ 21 ಕಿಲೋ. ಕಿಲೋ ಸಾರಜನಕ 13 ರೂಪಾಯಿಗೆ ಬಿತ್ತು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲಿನ ಆಸುಪಾಸು. ಅದೇ 21 ಕಿಲೋಗೆ ನಾಲ್ಕು ಟನ್ ಗೊಬ್ಬರ ಬೇಕು. ನಾಲ್ಕು ಟನ್ ಎಂದರೆ ಕೊಳ್ಳಬೇಕು, ತುಂಬಬೇಕು, ಟ್ರ್ಯಾಲಿ ಬಾಡಿಗೆ ಕೊಡಬೇಕು, ಹೊಲದಲ್ಲಿ ಗುಡ್ಡೆ ಹಾಕಿಸಬೇಕು, ಮತ್ತೆ ಹರಡಿಸಬೇಕು. ಯೂರಿಯಾ ಚೀಲ ಸೈಕಲ್ ಮೇಲೆ ಬರುತ್ತದೆ. ಗೊಬ್ಬರ ಎಂದರೆ ಸಾರಜನಕ ಮಾತ್ರವಲ್ಲ, ಮಣ್ಣಿಗೆ ನೀರು ಹಿಡಿಯುವ ಶಕ್ತಿ ಬರುತ್ತದೆ, ಸೂಕ್ಷ್ಮ ಜೀವಿಗಳಿಗೆ ಆಹಾರ ಸಿಗುತ್ತದೆ ಎಂದು ನೀವು ಹೇಳುತ್ತೀರಿ. ಸರಿಯೇ. ಆದರೆ ಅದರ ಫಲ ಮೂರನೆಯ ವರ್ಷ ಕಾಣುತ್ತದೆ, ಟ್ರ್ಯಾಲಿ ಬಾಡಿಗೆ ಅವತ್ತೇ ಕೊಡಬೇಕು.

ಆ 266 ರೂಪಾಯಿ ಯೂರಿಯಾದ ನಿಜವಾದ ಬೆಲೆಯಲ್ಲ. ಅದರ ಹಲವು ಪಟ್ಟು ಕೇಂದ್ರ ಸರ್ಕಾರ ಕಂಪನಿಗಳಿಗೆ ತುಂಬಿಕೊಡುತ್ತದೆ. ಅಂದರೆ ರೈತರಿಗೆ ಈಗಾಗಲೇ ಬಹಳ ದೊಡ್ಡ ಪ್ರೋತ್ಸಾಹಧನ ಸಿಗುತ್ತಿದೆ, ಆದರೆ ಅದು ಹೆಚ್ಚು ಯೂರಿಯಾ ಹಾಕುವುದಕ್ಕೆ ಸಿಗುತ್ತಿದೆ. ನಿಮ್ಮ 2,000 ಆ ಹೊಳೆಗೆ ಎದುರಾಗಿ ಈಜಬೇಕು. ಇದನ್ನು ತಿರುಗಿಸಲೆಂದು 2023ರಲ್ಲಿ ಪಿಎಂ ಪ್ರಣಾಮ್ ಎಂಬ ಯೋಜನೆ ಬಂತು. ರಾಜ್ಯವೊಂದು ರಾಸಾಯನಿಕ ಗೊಬ್ಬರ ಕಡಿಮೆ ಬಳಸಿ ಉಳಿಸಿದ ಸಬ್ಸಿಡಿಯಲ್ಲಿ ಅರ್ಧವನ್ನು ಆ ರಾಜ್ಯಕ್ಕೇ ಮರಳಿ ಕೊಡುವುದು ಅದರ ತಿರುಳು. ವಿಚಾರ ಒಳ್ಳೆಯದು. ಆದರೆ ಚೀಲ ಬಿಟ್ಟವನು ಆಳಂದದ ರೈತ, ಹಣ ಹೋಗುವುದು ರಾಜ್ಯದ ಖಜಾನೆಗೆ. ಚೀಲ ಬಿಟ್ಟ ಕೈಗೆ ಏನೂ ತಾಗದಿದ್ದರೆ ಮುಂದಿನ ವರ್ಷ ಆ ಕೈ ಮತ್ತೆ ಚೀಲಕ್ಕೇ ಹೋಗುತ್ತದೆ.

ತೊಗರಿಯ ಮಟ್ಟಿಗೆ ನಿಮ್ಮ ಅದೃಷ್ಟ ಚೆನ್ನಾಗಿದೆ. ತೊಗರಿ ಗಾಳಿಯ ಸಾರಜನಕವನ್ನು ತನ್ನ ಬೇರಿನ ಗಂಟಿನಲ್ಲಿಯೇ ಹಿಡಿಯುವ ಬೆಳೆ. ಮಳೆಯಾಶ್ರಿತ ತೊಗರಿಗೆ ಶಿಫಾರಸು ಇರುವುದೇ ಎಕರೆಗೆ 10 ಕಿಲೋ ಸಾರಜನಕ, 20 ಕಿಲೋ ರಂಜಕ. ಬಿತ್ತುವಾಗ ಒಂದು ಚೀಲ ಡಿಎಪಿ ಹಾಕಿದರೆ ಹೆಚ್ಚುಕಡಿಮೆ ಅಷ್ಟೂ ಸಂದಿತು. ಮೇಲೆ ಯೂರಿಯಾ ಎರಚುವುದು ಗಿಡ ಕಡುಹಸಿರಾಗಿ ಕಾಣಲಿ ಎಂಬ ಆಸೆಗೆ, ಪಕ್ಕದ ಹೊಲದವನು ಎರಚಿದ್ದಾನೆ ಎಂಬುದಕ್ಕೆ. ಇದನ್ನು ನಿಲ್ಲಿಸಲು ಹಣ ಕೊಡಬೇಡಿ. ರೈತನ ಹಣವೇ ಉಳಿಯುವ ಕೆಲಸಕ್ಕೆ ಕಂಪನಿಯ ಹಣ ಯಾಕೆ? ಅಲ್ಲಿ ಬೇಕಾಗಿರುವುದು ಎರಡು ಸಾಲು ಯೂರಿಯಾ ಹಾಕಿ, ಎರಡು ಸಾಲು ಬಿಟ್ಟು, ರಾಶಿಯ ದಿನ ಬೇರೆ ಬೇರೆ ತೂಗಿ ತೋರಿಸುವುದು.

ಈಗ ಎಣ್ಣೆ ಹೊಡೆಯುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ.

1997-98ರ ಹಂಗಾಮಿನ ಕಾಯಿಕೊರಕದ ಹಾವಳಿ ನಿಮ್ಮ ಕಾಕಾ ಅವರಿಗೆ ಚೆನ್ನಾಗಿ ನೆನಪಿರಬೇಕು. ಹೊಡೆದ ಎಣ್ಣೆಗೆ ಹುಳು ಸಾಯಲೇ ಇಲ್ಲ. ಆ ಕಾಲದಲ್ಲಿ ನಮ್ಮ ಜಿಲ್ಲೆಯ ರೈತರು ಹಿಡಿದ ದಾರಿ ಗಿಡ ಅಲುಗಿಸುವುದು. ಇಬ್ಬರು ಸಾಲಿನ ನಡುವೆ ತಾಡಪತ್ರಿಯೋ ಹಳೆಯ ಚಾದರವೋ ಹಿಡಿಯುತ್ತಾರೆ, ಇನ್ನೊಬ್ಬರು ಗಿಡವನ್ನು ಮೆಲ್ಲಗೆ ಬಗ್ಗಿಸಿ ಜಾಡಿಸುತ್ತಾರೆ. ಮಳೆಹನಿ ಬಿದ್ದಂತೆ ಪಟಪಟನೆ ಹುಳು ಉದುರುತ್ತದೆ, ಹಸಿರು, ಕಂದು, ಎಲ್ಲ ಅಳತೆಯವು. ಸಾಲಿನ ಕೊನೆಗೆ ಬರುವ ಹೊತ್ತಿಗೆ ಚಾದರದ ನಡುವೆ ಒಂದು ಬೊಗಸೆ. ಕೋಳಿ ಇದ್ದವರು ಕೋಳಿಗೆ ಹಾಕುತ್ತಿದ್ದರು. ನೋಡಲು ಹುಡುಗಾಟ ಎನಿಸುತ್ತದೆ. ಆದರೆ ದೊಡ್ಡ ಹುಳುವಿನ ಮೇಲೆ ಎಣ್ಣೆಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಜೇಡ, ಗುಲಗಂಜಿ ಹುಳು, ಕಣಜ, ಜೇನು ಎಲ್ಲವೂ ಉಳಿಯುತ್ತವೆ.

ಇಷ್ಟು ಒಳ್ಳೆಯದು ಯಾಕೆ ಬಿಟ್ಟುಹೋಯಿತು? ಹತ್ತಾರು ರೈತರನ್ನು ಕೇಳಿದ್ದೇನೆ. ಒಬ್ಬರೂ ಅದು ಕೆಲಸ ಮಾಡುವುದಿಲ್ಲ ಎನ್ನಲಿಲ್ಲ. ಉತ್ತರ ಒಂದೇ: ಔಷಧಿ ಉದ್ರಿ ಸಿಗುತ್ತದೆ, ಕೂಲಿ ಉದ್ರಿ ಸಿಗುವುದಿಲ್ಲ. ನವೆಂಬರಿನಲ್ಲಿ, ತೊಗರಿ ಹೂವು ಕಾಯಿಯಲ್ಲಿರುವಾಗ, ರೈತನ ಕೈಯಲ್ಲಿ ನಗದು ಎಂಬುದು ಇರುವುದೇ ಇಲ್ಲ. ಅಂಗಡಿಯವನು ಡಬ್ಬಿ ಕೊಟ್ಟು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಇಲ್ಲವೇ ಅಡತಿಯವನು ತೊಗರಿ ತನಗೇ ತರುವ ಮಾತಿನ ಮೇಲೆ ಹೊಂದಿಸಿಕೊಡುತ್ತಾನೆ. ಗಿಡ ಅಲುಗಿಸಲು ಬಂದ ಮೂವರು ಹೆಣ್ಣುಮಕ್ಕಳಿಗೆ ಸಂಜೆಗೆ ದುಡ್ಡು ಎಣಿಸಬೇಕು. ಲೆಕ್ಕ ಹಾಕಿದರೆ ಎಣ್ಣೆ, ನೀರು, ಪಂಪು, ಆಳು ಸೇರಿ ಒಂದು ಸಿಂಪರಣೆಯ ಖರ್ಚೂ ಆ ಮೂವರ ಕೂಲಿಯೂ ಬಹಳ ದೂರ ಇರುವುದಿಲ್ಲ. ಒಂದಕ್ಕೆ ಜನವರಿಯವರೆಗೆ ವಾಯಿದೆ ಇದೆ, ಇನ್ನೊಂದಕ್ಕೆ ಸೂರ್ಯ ಮುಳುಗುವವರೆಗೆ. ವ್ಯತ್ಯಾಸ ಇರುವುದು ಅಷ್ಟರಲ್ಲಿ.

ಕಾಕಾ ಅವರ ಮಾತಿಗೆ ನನ್ನ ಉತ್ತರವೂ ಇದೇ. ರೈತನ ಮನಸ್ಸನ್ನು ಕೊಳ್ಳಲು ಹಣ ಕೊಟ್ಟರೆ ಹಣ ನಿಂತ ದಿನ ಮನಸ್ಸೂ ಹಿಂದಕ್ಕೆ ಹೋಗುತ್ತದೆ. ಅವನು ಮೊದಲೇ ಒಪ್ಪಿರುವ ಕೆಲಸಕ್ಕೆ ಅಡ್ಡವಾಗಿ ನಿಂತಿರುವ ಒಂದು ನಿರ್ದಿಷ್ಟ ಖರ್ಚನ್ನು, ಅದು ಬೀಳುವ ವಾರದಲ್ಲಿಯೇ ಕೊಟ್ಟರೆ ಸಣ್ಣ ಹಣವೂ ಬಹಳ ದೂರ ಹೋಗುತ್ತದೆ. ಮಾರ್ಚ್ ಕೊನೆಯಲ್ಲಿ, ಬಿಲ್ಲು ರುಜು ಎಲ್ಲ ಆದ ಮೇಲೆ ಖಾತೆಗೆ ಬೀಳುವ 2,000 ರೂಪಾಯಿ ನವೆಂಬರಿನ ಸಂಜೆಯ 500ಕ್ಕೆ ಸಮನಲ್ಲ.

ಹೆಸರು ಉದ್ದಿನ ಸಾಲಿಗೂ ಇದೇ ತರ್ಕ. ತೊಗರಿ ನಿಧಾನಕ್ಕೆ ಏಳುವ ಗಿಡ, ಅಗಲ ಸಾಲಿನ ನಡುವಿನ ನೆಲ ಎರಡು ತಿಂಗಳು ಬರಿದಾಗಿ ಬಿದ್ದಿರುತ್ತದೆ. ಅಲ್ಲಿ ಹೆಸರು ಹಾಕಿದರೆ ಅರವತ್ತೈದು, ಎಪ್ಪತ್ತು ದಿನಕ್ಕೆ ಬಿಡಿಸಿ ಮುಗಿಯುತ್ತದೆ. ಮಣ್ಣು ಕೊಚ್ಚಿಕೊಂಡು ಹೋಗುವುದು ತಪ್ಪುತ್ತದೆ, ಕಳೆ ಕಡಿಮೆ, ತೊಗರಿ ಕೈಕೊಟ್ಟ ವರ್ಷ ಹಬ್ಬದ ಖರ್ಚಾದರೂ ಹುಟ್ಟುತ್ತದೆ. ನೆಟೆ ರೋಗ ಹೊಲಕ್ಕೆ ಹೊಲವನ್ನೇ ಒಣಗಿಸಿದ ವರ್ಷ ಬರೀ ತೊಗರಿ ಹಾಕಿದವರ ಮುಖ ನೋಡಿದ್ದೀರಲ್ಲ. ಆದರೂ ಸಾಲು ಬೆಳೆ ಬಿಟ್ಟುಹೋಗಿದ್ದಕ್ಕೆ ಕಾರಣ ಆಗಸ್ಟಿನಲ್ಲಿ ಬಿಡುವಿಲ್ಲದ ಮಳೆಯ ನಡುವೆ ಹೆಸರು ಬಿಡಿಸಲು ಆಳು ಸಿಗದಿರುವುದು. ಬರೀ ತೊಗರಿ ಇದ್ದರೆ ಟ್ರ್ಯಾಕ್ಟರಿನಲ್ಲಿ ಎಡೆ ಹೊಡೆದು ಮನೆಗೆ ಬರಬಹುದು. ಆದ್ದರಿಂದ ‘ಹೆಸರು ಬಿತ್ತಿದವರಿಗೆ ಹಣ’ ಎಂದು ಇಡಬೇಡಿ, ಬಿತ್ತುವುದು ಸುಲಭ. ಬಿಡಿಸುವ ಕೂಲಿಗೆ ಕೈ ಹಿಡಿಯಿರಿ.

ಕಬ್ಬಿನ ರವದಿಯನ್ನು ನಿಮ್ಮ ಪಟ್ಟಿಯಿಂದ ಸದ್ಯಕ್ಕೆ ತೆಗೆಯಿರಿ ಎನ್ನುತ್ತೇನೆ. ಅಲ್ಲಿ ಬೆಂಕಿಪೊಟ್ಟಣ ಯಾರ ಕೈಯಲ್ಲಿದೆ ಎಂಬುದೇ ಸ್ಪಷ್ಟವಿಲ್ಲ. ಕೆಲವು ಕಡೆ ಕುಳೆ ಬೆಳೆಗೆ ನೀರು ಹಾಯಿಸಲು ಅಡ್ಡ ಬರುತ್ತದೆ ಎಂದು ರೈತನೇ ಸುಡುತ್ತಾನೆ. ಇನ್ನು ಕೆಲವು ಕಡೆ ಕಡಿಯುವ ಗ್ಯಾಂಗಿನವರು, ಸುಟ್ಟ ಕಬ್ಬು ಬೇಗ ಕಡಿಯಲು ಬರುತ್ತದೆ ಎಂದು, ಕಡಿಯುವ ಮೊದಲೇ ಹಚ್ಚುತ್ತಾರೆ. ರೈತನಿಗೆ ಹಣ ಕೊಟ್ಟರೆ ಗ್ಯಾಂಗಿನ ಕೈ ನಿಲ್ಲುತ್ತದೆಯೇ? ಇನ್ನು ಪಕ್ಕದ ಹೊಲದ ಬೆಂಕಿ ಗಾಳಿಗೆ ಹಾರಿ ಬಂದು ಸದಸ್ಯನ ರವದಿ ಸುಟ್ಟರೆ ಅವನ ಹಣ ಹಿಡಿಯುತ್ತೀರಾ, ಕೊಡುತ್ತೀರಾ? ಒಂದೇ ಕಡೆ ಸೇರಿರುವ ಕಬ್ಬಿನ ಹೊಲಗಳೆಲ್ಲ ಒಟ್ಟಿಗೆ ಒಪ್ಪಿದಾಗ, ಎಲ್ಲರಿಗೂ ಸೇರಿ ರವದಿ ಪುಡಿ ಮಾಡುವ ಯಂತ್ರದ ಬಾಡಿಗೆಯನ್ನು ಕಂಪನಿ ಕಟ್ಟಬಹುದು. ಅದು ಮುಂದಿನ ಮಾತು.

ಬದುವಿನ ಗಿಡಕ್ಕೂ ನಿಮ್ಮ ಹಣ ಬೇಡ, ಕಾರಣ ಬೇರೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಇಲಾಖೆಯ ಸಸ್ಯಕ್ಷೇತ್ರದಿಂದ ಸಸಿ ತಂದು ನೆಟ್ಟರೆ, ಬದುಕಿರುವ ಪ್ರತಿ ಗಿಡಕ್ಕೆ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ. ಹೆಕ್ಟೇರಿಗೆ 400 ಗಿಡದವರೆಗೆ. ನೂರು ಗಿಡ ಉಳಿಸಿಕೊಂಡವರಿಗೆ ಮೂರು ವರ್ಷದಲ್ಲಿ 12,500 ಬರುತ್ತದೆ, ಗಿಡವೂ ಅವರದೇ. ಸರ್ಕಾರದ ಪ್ರೋತ್ಸಾಹಗಳಲ್ಲಿ ನನಗೆ ಇಷ್ಟವಾದದ್ದು ಇದು, ಏಕೆಂದರೆ ಇಲ್ಲಿ ನೆಟ್ಟಿದ್ದಕ್ಕೆ ಹಣವಿಲ್ಲ, ಬದುಕಿದ್ದಕ್ಕೆ ಮಾತ್ರ ಇದೆ. ಬೇಸಗೆಯಲ್ಲಿ ಕೊಡ ಹೊತ್ತವನಿಗೇ ಹಣ ಸೇರುತ್ತದೆ. ಎರೆಗೊಬ್ಬರದ ತೊಟ್ಟಿಯ ಯೋಜನೆ ಬರೆದವರು ಇವರ ಪಕ್ಕದ ಕೋಣೆಯಲ್ಲಿ ಒಂದು ದಿನ ಕುಳಿತಿದ್ದರೆ ಆ ಆಡಿನ ಮರಿಗಳಿಗೆ ಬೇರೆ ಮನೆ ಹುಡುಕಬೇಕಾಗುತ್ತಿತ್ತು. ನಿಮ್ಮ ಕಂಪನಿ ಸದಸ್ಯರ ಅರ್ಜಿ, ಪಹಣಿ, ಬ್ಯಾಂಕ್ ವಿವರ ಒಟ್ಟು ಮಾಡಿ ವಲಯ ಅರಣ್ಯ ಕಚೇರಿಗೆ ಮುಟ್ಟಿಸಿದರೆ ಸಾಕು.

ನೈಸರ್ಗಿಕ ಕೃಷಿಗೆ ಪೂರ್ತಿ ಇಳಿಯಲು ಸಿದ್ಧರಿರುವ ಹತ್ತಿಪ್ಪತ್ತು ಜನ ಇದ್ದರೆ ಅದಕ್ಕೂ ಬೇರೆ ಬಾಗಿಲು ಇದೆ. ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನದಲ್ಲಿ ಎಕರೆಗೆ ವರ್ಷಕ್ಕೆ 4,000 ರೂಪಾಯಿಯಂತೆ ಎರಡು ವರ್ಷ, ಒಬ್ಬರಿಗೆ ಒಂದು ಎಕರೆಯ ಮಟ್ಟಿಗೆ ಸಿಗುತ್ತದೆ. ಒಂಟಿಯಾಗಿ ಅಲ್ಲ, ಗುಂಪಿನಲ್ಲಿ. ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಗುಂಪಿನ ಪಟ್ಟಿ ಯಾವಾಗ ಮಾಡುತ್ತಾರೆ ಎಂದು ಕೇಳಿಡಿ. ಸರ್ಕಾರ ಕೊಡುವ ಕೆಲಸಕ್ಕೇ ನೀವೂ ಕೊಟ್ಟರೆ ಒಂದೇ ಹೊಲಕ್ಕೆ ಎರಡು ಸಲ ಬಿತ್ತಿದಂತೆ.

ಈ ಎಲ್ಲ ಯೋಜನೆಗಳಿಗೂ ಒಂದು ಕುರುಡು ಜಾಗ ಇದೆ, ಅದನ್ನು ಮುಚ್ಚಲು ನಿಮ್ಮಂತಹ ಕಂಪನಿಗೆ ಮಾತ್ರ ಸಾಧ್ಯ. ಸರ್ಕಾರದ ಹಣ ಪಹಣಿ ಯಾರ ಹೆಸರಿನಲ್ಲಿದೆಯೋ ಅವರ ಎಫ್‌ಐಡಿಗೆ, ಅಂದರೆ ರೈತರ ಗುರುತಿನ ಸಂಖ್ಯೆಗೆ ಹೋಗುತ್ತದೆ. ಉಳುವವನು ಲಾವಣಿಯವನು, ಅಂದರೆ ಹೊಲವನ್ನು ಗೇಣಿಗೆ ಹಿಡಿದವನು. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಕಾನೂನಿನಲ್ಲಿ ಇಲ್ಲ, ಹೊಲದಲ್ಲಿ ಇದೆ. ಮಾತಿನ ಮೇಲೆ, ಯುಗಾದಿಯಿಂದ ಯುಗಾದಿಗೆ. ಹೀಗಾಗಿ ಹಣ ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಮಾಲೀಕರ ಖಾತೆಗೆ ಬೀಳುತ್ತದೆ, ಬೆವರು ಬೇರೆಯವರದು. ಬರುವ ವರ್ಷ ಈ ಹೊಲ ನನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಎನ್ನುವವನು ನಾಲ್ಕು ಟನ್ ಗೊಬ್ಬರ ಯಾಕೆ ಹೊರುತ್ತಾನೆ? ಅವನ ಮಟ್ಟಿಗೆ ಯೂರಿಯಾವೇ ಬುದ್ಧಿವಂತಿಕೆ. ನಿಮ್ಮ ಹಣ ಪಹಣಿ ಕೇಳದೆ, ಕೂರಿಗೆ ಹಿಡಿದವರಿಗೆ ಹೋಗಲಿ. ಮಾಲೀಕರು ಊರಿನವರೇ ಆಗಿದ್ದರೆ ಕರೆದು ಕೂರಿಸಿ, ಮೂರು ವರ್ಷ ಅವನಿಂದ ಹೊಲ ಬಿಡಿಸುವುದಿಲ್ಲ ಎಂಬ ಮಾತು ಪಡೆಯಿರಿ. ಎಕರೆಗೆ 2,000ಕ್ಕಿಂತ ಆ ಒಂದು ಮಾತಿನ ಬೆಲೆ ಹೆಚ್ಚು.

ಬೆಲೆಯ ಮುಂದೆ ಪ್ರೋತ್ಸಾಹಧನ ಎಷ್ಟು ಸಣ್ಣದು ಎಂಬುದಕ್ಕೆ ಅಮೆರಿಕದ ಒಂದು ಅನುಭವ ಹೇಳಬೇಕು. ಅಲ್ಲಿ 1985ರಿಂದ ಒಂದು ಯೋಜನೆ ಇದೆ. ಸವಕಳಿ ಆಗುವ ಹೊಲವನ್ನು ಹತ್ತರಿಂದ ಹದಿನೈದು ವರ್ಷ ಹುಲ್ಲು, ಗಿಡಕ್ಕೆ ಬಿಟ್ಟ ರೈತನಿಗೆ ಸರ್ಕಾರ ವರ್ಷವರ್ಷವೂ ಬಾಡಿಗೆ ಕೊಡುತ್ತದೆ. 2007ರ ಹೊತ್ತಿಗೆ 3 ಕೋಟಿ 68 ಲಕ್ಷ ಎಕರೆ ಅದರೊಳಗೆ ಬಂದಿತ್ತು. ಆಮೇಲೆ ಮೆಕ್ಕೆಜೋಳ, ಸೋಯಾ ಬೆಲೆ ಏರಿತು. ಕರಾರು ಮುಗಿದವರು ಹುಲ್ಲು ಉತ್ತು ಮತ್ತೆ ಬಿತ್ತಿದರು. ಸರ್ಕಾರವೂ ಮಿತಿ ಇಳಿಸಿತು. ಎಂಟು ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗ ಕರಗಿತು. ನಮ್ಮಲ್ಲಿಯೂ ತೊಗರಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿದಾಗ ಬದುವಿನ ಮೇಲೂ ತೊಗರಿ ಎದ್ದಿದ್ದನ್ನು ನೋಡಿದ್ದೇವೆ. 2024-25ರಲ್ಲಿ ಬೆಂಬಲ ಬೆಲೆ 7,550ರ ಮೇಲೆ ರಾಜ್ಯ 450 ರೂಪಾಯಿ ಸೇರಿಸಿ 8,000 ಮಾಡಿತು. ರೈತರಿಗೆ ಬೇಕಾಗಿತ್ತು, ಬೇಡ ಎನ್ನುವುದಿಲ್ಲ. ಆದರೆ ಹತ್ತು ಸಲ ಎಣ್ಣೆ ಹೊಡೆದವನಿಗೂ 450, ಗಿಡ ಅಲುಗಿಸಿದವನಿಗೂ 450. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಈ ನೆಲದ ಬೆಳೆ ಎಂಬ ಸರ್ಕಾರದ ಗುರುತು ಸಿಕ್ಕಿದೆ. ಆ ಹೆಸರಿನಲ್ಲಿ, ಎಣ್ಣೆಯ ಶೇಷವಿಲ್ಲದ ಬೇಳೆ ಎಂದು ಪರೀಕ್ಷೆ ಮಾಡಿಸಿ ಮಾರಿ, ಕ್ವಿಂಟಲಿಗೆ ಮುನ್ನೂರೋ ನಾನೂರೋ ಹೆಚ್ಚು ಕೊಡುವ ಶಕ್ತಿ ನಿಮ್ಮ ಕಂಪನಿಗೆ ಬಂದರೆ, ಆ ಹಣಕ್ಕೆ ಕೊನೆಯ ವರ್ಷ ಎಂಬುದಿಲ್ಲ. ಕಾಕಾ ಅವರ ಅನುಮಾನಕ್ಕೆ ಪೂರ್ತಿ ಉತ್ತರ ಸಿಗುವುದು ಅಲ್ಲಿ.

   

ಇನ್ನು ಲೆಕ್ಕ. ಎಕರೆಗೆ 2,000ದಂತೆ ಹಂಚಿದರೆ 300 ಎಕರೆಗೆ ಒಂದೇ ವರ್ಷದಲ್ಲಿ 6 ಲಕ್ಷ ಮುಗಿಯುತ್ತದೆ. ನಾನಾಗಿದ್ದರೆ 120 ಸದಸ್ಯರನ್ನು ಹಿಡಿಯುತ್ತಿದ್ದೆ, ತಲೆಗೆ ಒಂದೇ ಎಕರೆ. ಮೊದಲ ವರ್ಷ ಎಕರೆಗೆ 1,500. ಅದರಲ್ಲಿ 500 ರೂಪಾಯಿಯದು ಜೂನಿನಲ್ಲಿ ವಸ್ತುವಿನ ರೂಪದಲ್ಲಿ: ಹೆಸರಿನ ಬೀಜ, ಬೀಜೋಪಚಾರಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ) ಮತ್ತು ರೈಜೋಬಿಯಂ (ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುವ ಜೀವಾಣು). 500 ಶ್ರಾವಣದಲ್ಲಿ ಹೆಸರು ಬಿಡಿಸುವಾಗ. 500 ನವೆಂಬರಿನಲ್ಲಿ ಗಿಡ ಅಲುಗಿಸುವ ಕೂಲಿಗೆ, ಅದೂ ಕೆಲಸ ಆದ ಸಂಜೆಯೇ, ಆದಷ್ಟು ಮನೆಯ ಹೆಣ್ಣುಮಗಳ ಕೈಗೆ. ಐನೂರರಲ್ಲಿ ಪೂರ್ತಿ ಕೂಲಿ ಬಗೆಹರಿಯುವುದಿಲ್ಲ, ಬಗೆಹರಿಯಬಾರದು ಕೂಡ. ಉಳಿದದ್ದು ರೈತನದು, ಇಲ್ಲವೇ ನಾಲ್ಕು ಮನೆಯವರು ಮುಯ್ಯಿ ಮಾಡಿಕೊಂಡರೆ ಅದೂ ಇಲ್ಲ. ಎರಡನೆಯ ವರ್ಷ ಬೀಜ ಅವರದೇ, ನೀವು 1,000 ಕೊಡಿ. ಮೂರನೆಯ ವರ್ಷ ನವೆಂಬರಿನ 500 ಮಾತ್ರ. 1,80,000, 1,20,000, 60,000, ಮೂರು ವರ್ಷಕ್ಕೆ 3,60,000 ಆಯಿತು.

ಉಳಿದ 2,40,000 ಬ್ಯಾಂಕಿನಲ್ಲಿ ಇರಲಿ, ಅದನ್ನು ಭರವಸೆಯ ಗಂಟು ಎಂದು ಕರೆಯಿರಿ. ರೈತನ ಎದೆಯೊಳಗಿನ ಭಯ ಒಂದೇ: ನಿಮ್ಮ ಮಾತು ಕೇಳಿ ಎಣ್ಣೆ ಬಿಟ್ಟು ಬೆಳೆ ಹೋದರೆ? ಅದಕ್ಕೆ ಮುಂಚೆಯೇ ಬರೆದುಕೊಡಿ. ಪಕ್ಕದ ಹೊಲಕ್ಕಿಂತ ಇವನ ಎಕರೆಯಲ್ಲಿ ಇಳುವರಿ ಕಡಿಮೆ ಬಂದರೆ, ಒಂದು ಕ್ವಿಂಟಲಿನವರೆಗಿನ ಕೊರತೆಯನ್ನು ಕಂಪನಿ ತುಂಬಿಕೊಡುತ್ತದೆ. ಕ್ವಿಂಟಲಿಗೆ 8,000 ಹಿಡಿದರೆ ಈ ಗಂಟಿನಲ್ಲಿ 30 ಕ್ವಿಂಟಲ್ ಇದೆ. ಮಳೆ ಕೈಕೊಟ್ಟರೆ ಪಕ್ಕದವನಿಗೂ ಕಡಿಮೆಯೇ ಬರುವುದರಿಂದ ಬರಗಾಲದ ಹೊರೆ ನಿಮ್ಮ ಮೇಲೆ ಬೀಳುವುದಿಲ್ಲ. ಗಂಟು ಸಾಲದೆ ಹೋದರೆ ಇದ್ದದ್ದನ್ನು ಪಾಲಿಗೆ ತಕ್ಕಂತೆ ಹಂಚುವುದೆಂದು ಮೊದಲೇ ಠರಾವು ಮಾಡಿ. ನನ್ನ ಅಂದಾಜು, ಗಂಟಿನ ಬಹುಪಾಲು ಖರ್ಚೇ ಆಗುವುದಿಲ್ಲ. ಧೈರ್ಯ ಕೊಡುವುದು ಸಬ್ಸಿಡಿಗಿಂತ ಅಗ್ಗ.

ಪರಿಶೀಲನೆಗೆ ಮೊಬೈಲ್ ಫೋಟೊ, ನಮೂನೆ, ರುಜು ಎಂದು ಬಹಳ ಹೊರೆ ಮಾಡಿಕೊಳ್ಳಬೇಡಿ. ಕಣ್ಣಿಗೆ ಕಾಣುವುದಕ್ಕೆ ಮಾತ್ರ ಹಣ ಕೊಡುವುದೆಂದು ನಿಯಮ ಇಟ್ಟರೆ ಮುಕ್ಕಾಲು ಜಗಳ ತಪ್ಪುತ್ತದೆ. ‘ಯೂರಿಯಾ ಹಾಕಿಲ್ಲ’ ಎಂಬುದು ಕಾಣುವುದಿಲ್ಲ, ತೊಗರಿ ಸಾಲಿನ ನಡುವಿನ ಹೆಸರು ಕಾಣುತ್ತದೆ. ನಾಗರ ಪಂಚಮಿಯ ಆಸುಪಾಸಿನಲ್ಲಿ ಒಂದು ಸುತ್ತು, ಬೇರೆ ಊರಿನ ಸದಸ್ಯರು ಬಂದು ನೋಡಲಿ. ಎರಡನೆಯ ಸುತ್ತು ಎಳ್ಳ ಅಮಾವಾಸ್ಯೆಗೆ ಇಡಿ. ಅವತ್ತು ಚರಗ ಚೆಲ್ಲಲು ಊರಿಗೆ ಊರೇ ಹೊಲದಲ್ಲಿರುತ್ತದೆ, ಸಜ್ಜೆ ರೊಟ್ಟಿ ಭಜ್ಜಿಗೆ ಕರೆಯದವರೂ ಇರುವುದಿಲ್ಲ. ಯಾರ ತೊಗರಿ ಹೇಗೆ ನಿಂತಿದೆ, ಯಾರದು ಕೊಯ್ಲಾಗಿ ಎಷ್ಟು ಬಂತು ಎಂಬುದು ಊಟಕ್ಕೆ ಕುಳಿತಲ್ಲೇ ಹೊರಬೀಳುತ್ತದೆ. ಇಂತಹ ಲೆಕ್ಕ ತಪಾಸಣೆ ಯಾವ ಆಡಿಟರನಿಗೂ ಬರುವುದಿಲ್ಲ.

ಒಂದು ಕಸಿವಿಸಿ ಮಾತ್ರ ಖಂಡಿತ ಎದುರಾಗುತ್ತದೆ. ಎಂದಿನಿಂದಲೂ ಹೆಸರು ಸಾಲು ಹಾಕುತ್ತ, ಎತ್ತು ಕಟ್ಟಿ, ಗೊಬ್ಬರ ಹೊತ್ತು ಬಂದಿರುವ ನಾಲ್ಕಾರು ಮನೆಗಳು ನಿಮ್ಮಲ್ಲಿಯೂ ಇರಬೇಕು. ಹೊಸದಾಗಿ ಶುರು ಮಾಡಿದವರಿಗೆ ಮಾತ್ರ ಹಣ ಎಂದರೆ, ಇಷ್ಟು ದಿನ ಸರಿಯಾಗಿ ಮಾಡಿದವರು ದಡ್ಡರಾದಂತೆ. ಹಣ ನಿರ್ವಹಣೆಯ ಪುಸ್ತಕಗಳು ಅವರಿಗೆ ಕೊಡುವುದು ವ್ಯರ್ಥ ಎನ್ನುತ್ತವೆ, ಏಕೆಂದರೆ ಹಣವಿಲ್ಲದೆಯೂ ಅವರು ಮಾಡುತ್ತಾರೆ. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಅವರಿಂದಲೇ ಹೆಸರಿನ ಬೀಜ ಕೊಳ್ಳಿ, ಸಂತೆಯ ಬೆಲೆಗಿಂತ ಒಂದಿಷ್ಟು ಹೆಚ್ಚು ಕೊಟ್ಟು. ಗಿಡ ಅಲುಗಿಸುವುದನ್ನು ತೋರಿಸಲು ಅವರ ಮನೆಯ ಹೆಣ್ಣುಮಕ್ಕಳನ್ನೇ ಕರೆದು ದಿನದ ಸಂಬಳ ಕೊಡಿ.

ಕಾರ್ಬನ್ ಏಜೆಂಟರ ವಿಷಯ ಚಿಕ್ಕದು. ಒಂದು ಕ್ರೆಡಿಟ್ ಎಂದರೆ ಗಾಳಿಗೆ ಸೇರದಂತೆ ತಡೆದ, ಇಲ್ಲವೇ ಗಾಳಿಯಿಂದ ಮಣ್ಣಿಗಿಳಿಸಿದ ಒಂದು ಟನ್ ಇಂಗಾಲದ ಡೈಆಕ್ಸೈಡ್; ಅದನ್ನು ಹೊಗೆ ಬಿಡುವ ಕಂಪನಿಗಳು ಹಣ ಕೊಟ್ಟು ಕೊಳ್ಳುತ್ತವೆ. ನಮ್ಮಂತಹ ಒಣ ಬೇಸಾಯದ ಎರೆ ಭೂಮಿಯಲ್ಲಿ ಎಕರೆಗೆ ವರ್ಷಕ್ಕೆ ಒಂದು ಕ್ರೆಡಿಟ್ ಹುಟ್ಟಿದರೇ ದೊಡ್ಡದು, ಅದರಲ್ಲಿ ಅಳತೆಯ ಖರ್ಚು, ಪ್ರಮಾಣಪತ್ರದ ಖರ್ಚು, ಏಜೆಂಟರ ಪಾಲು ಕಳೆಯಬೇಕು. ಮೂರನೆಯ ಸಲ ಬಂದಾಗ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ವರ್ಷದ ಕರಾರು, ಮೊದಲ ಹಣ ಯಾವ ತಿಂಗಳು, ಮಣ್ಣು ಪರೀಕ್ಷೆಯ ಖರ್ಚು ಯಾರದು, ಲಾವಣಿಯವನು ಬದಲಾದರೆ ಏನು. ಉತ್ತರ ಕನ್ನಡದಲ್ಲಿ, ಕಾಗದದ ಮೇಲೆ ಕೊಟ್ಟರೆ ಓದಿ ನೋಡಿ. ಬರೀ ಚಹಾ ಕುಡಿದು ಹೋದರೆ ಹೋಗಲಿ.

ಬಿತ್ತನೆಗೆ ಮುಂಚೆ, ಮೇ ಕೊನೆಯ ವಾರದೊಳಗೆ 120 ಜನರ ಪಟ್ಟಿ ಆಗಬೇಕು. ಎಳ್ಳ ಅಮಾವಾಸ್ಯೆಯ ಸುತ್ತಿಗೆ ಒಬ್ಬ ಮುಖ್ಯಸ್ಥ ಬೇಕಾಗುತ್ತದೆ, ಮುಲಾಜಿಗೆ ಬೀಳದವರು. ಸಭೆಯಲ್ಲಿ ಎದ್ದು ನಿಂತ ಆ ಕಾಕಾ ಅವರನ್ನು ಕೇಳಿ ನೋಡಿ.